ಹಾಗೆಯೇ ಕಚ್ಚಿ ತಿನ್ನಲು ಯಾವ ಸೇಬು ಒಳ್ಳೆಯದು?

“ಬೇಯಿಸದೆ, ರಸ ಹಿಂಡದೆ, ಹಾಗೆಯೇ ಕಚ್ಚಿ ತಿನ್ನುವುದಕ್ಕೆ ಯಾವ ತಳಿಯ ಸೇಬು ಉತ್ತಮ?” ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ, ಉತ್ತರಿಸಿದ ಮರುದಿನವೂ ಬರುತ್ತದೆ. ಆದ್ದರಿಂದ ಈ ಸಲ ಪೀಠಿಕೆ ಬಿಟ್ಟು ಉತ್ತರವನ್ನೇ ಮೊದಲು ಹೇಳುತ್ತೇನೆ. ಸಿಹಿಯೇ ಮುಖ್ಯವೆನ್ನುವವರಿಗೆ ಫ್ಯೂಜಿ. ಕಚ್ಚಿದರೆ ಕರುಂ ಎನ್ನಬೇಕು, ಬಾಯಿ ತುಂಬ ರಸ ಬರಬೇಕು ಎನ್ನುವವರಿಗೆ ಹನಿಕ್ರಿಸ್ಪ್. ಸಿಹಿಯ ಜೊತೆಗೆ ಹುಳಿಯೂ ಎದ್ದು ಕಾಣಬೇಕೆನ್ನುವವರಿಗೆ ಬ್ರೇಬರ್ನ್ ಅಥವಾ ಕ್ರಿಪ್ಸ್ ಪಿಂಕ್. ಪಿಂಕ್ ಲೇಡಿ ಎಂಬ ಹೆಸರು ಹೊತ್ತು ಬರುವುದು ಈ ಎರಡನೆಯದರ ಆಯ್ದ ಹಣ್ಣುಗಳೇ. ಪರಿಮಳಕ್ಕೆ ಸೋಲುವವರು ಕಾಕ್ಸ್ ಆರೆಂಜ್ ಪಿಪ್ಪಿನ್ ಸಿಕ್ಕಿದರೆ ಬಿಡಬಾರದು. ಹುಳಿಯನ್ನೇ ಬಯಸುವವರಿಗೆ ಗ್ರಾನಿ ಸ್ಮಿತ್, ಹುಳಿ ಆಗದವರಿಗೆ ಗಾಲಾ. ಒಂದನ್ನೇ ಹೇಳಿ ಎಂದು ಪಟ್ಟು ಹಿಡಿದರೆ ನನ್ನ ಮತ ಬ್ರೇಬರ್ನ್‌ಗೆ. ಬರೀ ಸಿಹಿಯಾದ ಸೇಬು ನಾಲ್ಕನೆಯ ತುತ್ತಿಗೆ ಸಪ್ಪೆಯೆನಿಸುತ್ತದೆ.

ಇಷ್ಟು ಹೇಳಿದ ಕೂಡಲೇ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: “ತಳಿಯ ಗೊಡವೆ ಏಕೆ, ಚೆನ್ನಾಗಿ ಕೆಂಪಗಿರುವುದನ್ನು ಆರಿಸಿಕೊಂಡರೆ ಸಾಕಲ್ಲವೇ?” ಸಾಲದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಲೆದೂಗುವವರೇ ಸೇಬಿನ ಮುಂದೆ ನಿಂತಾಗ ಕೆಂಪಗಿರುವುದೆಲ್ಲ ಸಿಹಿ ಎಂದು ನಂಬಿಬಿಡುತ್ತಾರೆ.

ಸೇಬಿನ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ ಕೆಲಸ; ನಾವು ತಿನ್ನುವ ಬಹುತೇಕ ತಳಿಗಳಲ್ಲಿ ಅದು ಇರುವುದು ಸಿಪ್ಪೆಯಲ್ಲಿ ಮಾತ್ರ. ಅದು ಎಷ್ಟು ಮೂಡುತ್ತದೆ ಎಂಬುದು ತಳಿಯ ಗುಣ, ಹಣ್ಣಿನ ಮೇಲೆ ನೇರವಾಗಿ ಬಿದ್ದ ಬೆಳಕು ಮತ್ತು ಕೊಯ್ಲಿಗೆ ಮುಂಚಿನ ರಾತ್ರಿಗಳ ತಂಪು ಇವುಗಳನ್ನು ಅವಲಂಬಿಸಿದೆ. ಸಿಹಿಯ ದಾರಿ ಬೇರೆ: ಎಲೆಗಳು ತಯಾರಿಸಿ ಕಳುಹಿಸಿದ ಸಕ್ಕರೆಯ ಒಂದು ಭಾಗ ಕಾಯಿಯಲ್ಲಿ ಪಿಷ್ಟವಾಗಿ ಕೂಡಿಕೊಂಡಿರುತ್ತದೆ, ಹಣ್ಣಾಗುವಾಗ ಅದು ಮತ್ತೆ ಸಕ್ಕರೆಯಾಗುತ್ತದೆ. ಹೀಗಾಗಿ ಕೊಂಬೆಯ ತುದಿಯಲ್ಲಿ ಬಿಸಿಲಿಗೆ ಮೈಯೊಡ್ಡಿದ ಹಣ್ಣು ಬಲಿಯುವ ಮೊದಲೇ ಕೆಂಪೇರಬಹುದು, ಎಲೆಯ ಮರೆಯಲ್ಲಿದ್ದುದು ಹಣ್ಣಾದ ಮೇಲೂ ಹಳದಿಮಿಶ್ರಿತವಾಗಿಯೇ ಉಳಿಯಬಹುದು.

ಇದಕ್ಕೆ ಸಾಕ್ಷಿ ಬೇಕೆನ್ನುವವರು ಜಪಾನಿನ ಫ್ಯೂಜಿ ತೋಟಗಳತ್ತ ನೋಡಬಹುದು. ಅಲ್ಲಿ ಕೆಲವು ಬೆಳೆಗಾರರು ಎಳೆಯ ಕಾಯಿಗಳಿಗೆ ಕಾಗದದ ಚೀಲ ತೊಡಿಸಿ, ಕೊಯ್ಲು ಹತ್ತಿರವಾದಾಗ ತೆಗೆಯುತ್ತಾರೆ. ಬೆಳಕು ಕಂಡ ಸಿಪ್ಪೆ ಒಮ್ಮೆಲೇ ಏಕರೂಪದ ಹೊಳೆಯುವ ಕೆಂಪಾಗುತ್ತದೆ. ಚೀಲವಿಲ್ಲದೆ ಬೆಳೆದ ಅದೇ ಫ್ಯೂಜಿಯನ್ನು ‘ಸನ್ ಫ್ಯೂಜಿ’ ಎಂದು ಬೇರೆಯಾಗಿ ಮಾರುತ್ತಾರೆ. ಅದರ ಬಣ್ಣ ಅಷ್ಟು ಸಮವಲ್ಲ, ನೋಟಕ್ಕೆ ಸ್ವಲ್ಪ ಒರಟು. ಆದರೆ ಹೆಚ್ಚು ಸಿಹಿಯೆಂದು ಹೆಸರಾಗಿರುವುದು ಅದೇ.

ಇನ್ನೂ ದೊಡ್ಡ ಸಾಕ್ಷಿ ರೆಡ್ ಡೆಲಿಷಿಯಸ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಅಯೋವಾದ ರೈತ ಜೆಸ್ಸಿ ಹೈಯಟ್ ಅವರ ತೋಟದಲ್ಲಿ ತಾನಾಗಿ ಹುಟ್ಟಿದ ಆ ಗಿಡದ ಮೊದಲ ಹಣ್ಣುಗಳು ಹಳದಿಯ ಮೇಲೆ ಕೆಂಪು ಗೀರುಗಳಿದ್ದವು, ಅಚ್ಚಗೆಂಪಿನವಲ್ಲ. ರುಚಿಯಿಂದಲೇ ಅದು ಹೆಸರು ಮಾಡಿತು. ಆಮೇಲೆ ಮರದ ಯಾವುದೋ ಒಂದು ಕೊಂಬೆಯಲ್ಲಿ ಆಕಸ್ಮಿಕ ಬದಲಾವಣೆಯಿಂದ ಹೆಚ್ಚು ಕೆಂಪಾದ ಹಣ್ಣು ಕಂಡಾಗಲೆಲ್ಲ ಆ ಕೊಂಬೆಯಿಂದಲೇ ಕಸಿ ಕಟ್ಟುತ್ತ ಹೋದರು. ಕೆಂಪು ಬೇಗ ಬಂದದ್ದರಿಂದ ಕೊಯ್ಲೂ ಬೇಗ ಆಯಿತು. ದಶಕಗಳ ಕಾಲ ಕಣ್ಣಿಗಾಗಿ ಆರಿಸಿದ ಫಲವಾಗಿ ಉಳಿದದ್ದು ದಪ್ಪ ಸಿಪ್ಪೆಯ, ಬೇಗ ಬೆಂಡಾಗುವ, ಅಂದದ ಹಣ್ಣು. ಅಮೆರಿಕದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೊದಲ ಸ್ಥಾನದಲ್ಲಿದ್ದ ಅದನ್ನು 2018ರಲ್ಲಿ ಗಾಲಾ ಹಿಂದಿಕ್ಕಿತು. ತಡವಾಯಿತು ಎನ್ನುವುದಷ್ಟೇ ನನ್ನ ದೂರು.

ಬಣ್ಣವನ್ನು ನೋಡಲೇಬೇಕೆಂದಿದ್ದರೆ ಕೆಂಪನ್ನಲ್ಲ, ಕೆಂಪಿನ ಹಿಂದಿರುವ ತಳಬಣ್ಣವನ್ನು ನೋಡಬೇಕು. ತೊಟ್ಟಿನ ಸುತ್ತಲಿನ ಗುಳಿಯಲ್ಲಿ ಎಳೆ ಹಸಿರು ಹೋಗಿ ತಿಳಿ ಹಳದಿ ಇಳಿದಿದ್ದರೆ ಹಣ್ಣು ಬಲಿತಿದೆ ಎಂದರ್ಥ. ಗ್ರಾನಿ ಸ್ಮಿತ್‌ನಂಥ ಹಸಿರು ತಳಿಗೆ ಈ ಪರೀಕ್ಷೆ ಅಷ್ಟಾಗಿ ಒದಗದು; ಮೇಲಿಂದ ಮೇಲೆ ಬಳಿದ ಮೇಣದ ಹೊಳಪಂತೂ ಯಾವ ತಳಿಯ ವಿಷಯದಲ್ಲೂ ಏನನ್ನೂ ಹೇಳುವುದಿಲ್ಲ.

ಬೆಂಡಾಗುವುದರ ಬಗ್ಗೆ ಒಂದು ಮಾತು. ಹದವಾದ ಸೇಬಿನಲ್ಲಿ ಜೀವಕೋಶಗಳು ಪೆಕ್ಟಿನ್ ಎಂಬ ಅಂಟಿನಿಂದ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಕಚ್ಚಿದಾಗ ಒಡೆದು ರಸ ಚೆಲ್ಲುತ್ತವೆ. ಹಳತಾದ ಹಣ್ಣಿನಲ್ಲಿ ಅಂಟು ಸಡಿಲಗೊಂಡು, ಕೋಶಗಳು ಒಡೆಯದೆಯೇ ಬಿಡಿಬಿಡಿಯಾಗಿ ನಾಲಿಗೆಯ ಮೇಲೆ ಹಿಟ್ಟು ಹಿಟ್ಟಾಗುತ್ತವೆ. ಬಿಸಿಲು ಸೆಕೆ ಇದನ್ನು ಬೇಗ ಮಾಡಿಸುತ್ತದೆ. ಬುಟ್ಟಿಯಲ್ಲಿ ಅಲಂಕಾರಕ್ಕಿಡದೆ ತಂಪಿನಲ್ಲಿಟ್ಟರೆ ಫ್ಯೂಜಿ, ಕ್ರಿಪ್ಸ್ ಪಿಂಕ್, ಗ್ರಾನಿ ಸ್ಮಿತ್ ಬಹಳ ಕಾಲ ಗಟ್ಟಿಯಾಗಿ ಉಳಿಯುತ್ತವೆ.

ಕೊಂಬೆಯಿಂದ ಕಸಿ ಎಂದೆನಲ್ಲ, ಯಾರೂ ಕೇಳದಿದ್ದರೂ ಅದನ್ನು ಪೂರ್ತಿ ಮಾಡುತ್ತೇನೆ. ಇಷ್ಟವಾದ ಫ್ಯೂಜಿಯ ಬೀಜ ನೆಟ್ಟರೆ ಫ್ಯೂಜಿ ಬರುವುದಿಲ್ಲ. ಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ತಳಿಯ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಬೇರೆ ತಳಿಯ ಪರಾಗ ಬೇಕು. ಆದ್ದರಿಂದ ಪ್ರತಿ ಬೀಜವೂ ಹೊಸ ಬೆರಕೆ, ಹೆಚ್ಚಿನವು ತಿನ್ನಲಾಗದ ಹುಳಿ ಅಥವಾ ಒಗರು. ಫ್ಯೂಜಿಯೂ ರೆಡ್ ಡೆಲಿಷಿಯಸ್ ಮತ್ತು ರಾಲ್ಸ್ ಜಾನೆಟ್ ತಳಿಗಳನ್ನು ಬೇಕೆಂದೇ ಕೂಡಿಸಿ ಪಡೆದದ್ದು. ಅದಕ್ಕೆ ಹೆಸರು ಬಂದದ್ದು 1962ರಲ್ಲಿ. ಹನಿಕ್ರಿಸ್ಪ್‌ಗಾಗಿ ಮಿನೆಸೋಟ ವಿಶ್ವವಿದ್ಯಾಲಯ 1960ರಲ್ಲಿ ಮಾಡಿದ ಸಂಕರದ ಹಣ್ಣು ಬೆಳೆಗಾರರ ಕೈ ಸೇರುವಾಗ 1991 ಆಗಿತ್ತು. ಮರಿಯಾ ಆ್ಯನ್ ಸ್ಮಿತ್ ಅವರ ಆಸ್ಟ್ರೇಲಿಯಾದ ತೋಟದಲ್ಲಿ ತಾನಾಗಿ ಮೊಳೆತ ಸಸಿಯೊಂದು ಗ್ರಾನಿ ಸ್ಮಿತ್ ಆಯಿತು ನಿಜ, ಆದರೆ ಅದು ಅಪರೂಪದ ಅದೃಷ್ಟ. ಹಾಗೂ ಬೀಜವನ್ನೇ ನೆಡುವೆನೆನ್ನುವವರು ಅದನ್ನು ಮೊದಲು ಎರಡು ಮೂರು ತಿಂಗಳು ತೇವದಲ್ಲಿ, ತಣ್ಣಗೆ ಇಡಬೇಕು. ಇಲ್ಲದಿದ್ದರೆ ಅದು ಮೊಳೆಯುವುದೇ ಕಷ್ಟ.