ಸರ್ಕಾರಿ ಶಾಲೆಯ ಹಣ: ಕಡಿತ ಆಗುವುದು ಎಲ್ಲಿ, ತಟ್ಟುವುದು ಯಾರಿಗೆ

2024-25ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಶಿಕ್ಷಣಕ್ಕೆ ತೆಗೆದಿಟ್ಟದ್ದು 44,422 ಕೋಟಿ ರೂಪಾಯಿ. ಮರುವರ್ಷ 45,286 ಕೋಟಿ. ಇದೇ ಅವಧಿಯಲ್ಲಿ ಬಜೆಟ್ ಗಾತ್ರ 3,71,383 ಕೋಟಿಯಿಂದ 4,09,549 ಕೋಟಿಗೆ ಹಿಗ್ಗಿತು. ಹಾಗಾಗಿ ಶಿಕ್ಷಣದ ಪಾಲು ಶೇ 12ರ ಆಸುಪಾಸಿನಿಂದ ಶೇ 11ಕ್ಕೆ ಇಳಿಯಿತು. ಹಣ ಹೆಚ್ಚಾಯಿತು ಎನ್ನುವವರೂ ಸರಿ, ಕಡಿಮೆಯಾಯಿತು ಎನ್ನುವವರೂ ಸರಿ. ಯಾವ ಊರಿನ ಶಾಲೆಗೆ ಎಷ್ಟು ತಲುಪಿತು ಎಂಬುದನ್ನು ಮಾತ್ರ ಈ ಎರಡೂ ಲೆಕ್ಕ ಹೇಳುವುದಿಲ್ಲ.

ಮೈಸೂರು ಸಂಸ್ಥಾನ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ತಂದದ್ದರಿಂದ ಹಿಡಿದು, 1976ರಲ್ಲಿ ಶಿಕ್ಷಣ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ, ಸೇರಿ, 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದ ಮೇಲೂ ಶಾಲೆ ತೆರೆಯುವುದು, ಮೇಷ್ಟ್ರನ್ನು ಕಳಿಸುವುದು, ಸಂಬಳ ಕೊಡುವುದು ಇಷ್ಟೇ ಸರ್ಕಾರದ ಕೆಲಸವಾಗಿತ್ತು. ಸೀಮೆಸುಣ್ಣ, ಸುಣ್ಣಬಣ್ಣ, ಹೆಂಚಿನ ರಿಪೇರಿ ಊರವರ ಪಾಲಿಗೆ.

ಇದು ಬದಲಾದದ್ದು 2001ರ ನಂತರ. ಅದೇ ವರ್ಷ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಹುಟ್ಟಿದವು. ಸರ್ವ ಶಿಕ್ಷಾ ಅಭಿಯಾನದಡಿ ಶಾಲೆಯ ಖಾತೆಗೇ ಹಣ ಬರತೊಡಗಿತು: ಕಿರಿಯ ಪ್ರಾಥಮಿಕಕ್ಕೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 7,000, ದುರಸ್ತಿಗೆ ಬೇರೆ, ಕಲಿಕಾ ಸಾಮಗ್ರಿಗೆಂದು ಪ್ರತಿ ಶಿಕ್ಷಕರಿಗೆ 500. ಮೊತ್ತ ಚಿಕ್ಕದೇ. ಆದರೂ ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ಶಾಲೆ ನಡೆಸಲು ಒಂದು ಕನಿಷ್ಠ ಖರ್ಚು ಇದ್ದೇ ಇದೆ ಎಂಬ ತಿಳಿವಳಿಕೆ ಅದರಲ್ಲಿತ್ತು.

2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂತು. ಬಿಡಿ ಅನುದಾನಗಳೆಲ್ಲ ಸೇರಿ ಒಂದೇ ಸಂಯುಕ್ತ ಶಾಲಾ ಅನುದಾನವಾಯಿತು. ವೆಚ್ಚದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಅನುದಾನ ನಿಗದಿಯಾಗುವುದು ಯುಡೈಸ್‌ನಲ್ಲಿ, ಅಂದರೆ ಶಾಲೆಗಳ ರಾಷ್ಟ್ರೀಯ ಮಾಹಿತಿ ಕೋಶದಲ್ಲಿ, ದಾಖಲಾದ ಮಕ್ಕಳ ಸಂಖ್ಯೆಯ ಮೇಲೆ. 30 ಮಕ್ಕಳವರೆಗೆ 10,000, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಹೆಚ್ಚಿದ್ದರೆ 1 ಲಕ್ಷ ರೂಪಾಯಿ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಹೋಗಬೇಕು.

ಈ ಹಂತಗಳನ್ನು ಕಾಗದದ ಮೇಲೆ ಭಾಗಿಸಿ ನೋಡಬೇಕು. 30 ಮಕ್ಕಳ ಶಾಲೆಯಲ್ಲಿ ಮಗುವಿಗೆ ಬೀಳುವುದು 333 ರೂಪಾಯಿ, 31 ಇದ್ದರೆ 806. 250 ಮಕ್ಕಳಿದ್ದರೆ 200, ಸಾವಿರ ಮಕ್ಕಳಿದ್ದರೆ ಬರೀ 75. 31 ಮಕ್ಕಳ ಶಾಲೆಯಲ್ಲಿ, ಒಂದು ಕುಟುಂಬ ಕಬ್ಬು ಕಡಿಯಲು ಗುಳೆ ಹೋಗಿ ಒಂದು ಮಗುವಿನ ಹೆಸರು ಪಟ್ಟಿಯಿಂದ ಬಿದ್ದರೆ ಶಾಲೆಗೆ 15,000 ರೂಪಾಯಿ ಖೋತಾ. ಕೊಠಡಿ, ಶೌಚಾಲಯ, ಪಂಪು, ಬೀಗ ಯಾವುದೂ ಕಡಿಮೆಯಾಗಿರುವುದಿಲ್ಲ. ವಿದ್ಯುತ್, ನೀರು ಉಚಿತ ಎಂದು 2023ರ ರಾಜ್ಯೋತ್ಸವದ ದಿನ ಘೋಷಣೆಯಾದದ್ದು ಸಣ್ಣ ಶಾಲೆಗಳಿಗೆ ದೊಡ್ಡ ಉಸಿರು. ಅದಕ್ಕೂ ಮೊದಲು ಈ ಹತ್ತು ಸಾವಿರದಲ್ಲೇ ಕರೆಂಟ್ ಬಿಲ್ಲನ್ನೂ ಕಟ್ಟಬೇಕಿತ್ತು.

ಮೊತ್ತದಷ್ಟೇ ಮುಖ್ಯ ಅದು ಬರುವ ಹೊತ್ತು. 2021ರ ಜುಲೈನಿಂದ ಜಾರಿಗೆ ಬಂದ ಏಕ ನೋಡಲ್ ಖಾತೆ ವ್ಯವಸ್ಥೆಯಲ್ಲಿ ಹಣವೆಲ್ಲ ರಾಜ್ಯಮಟ್ಟದ ಒಂದೇ ಖಾತೆಯಲ್ಲಿರುತ್ತದೆ. ಶಾಲೆಯದ್ದು ಶೂನ್ಯ ಶಿಲ್ಕಿನ ಉಪಖಾತೆ, ಅದಕ್ಕೆ ಖರ್ಚಿನ ಮಿತಿಯನ್ನಷ್ಟೇ ಕೊಡಲಾಗುತ್ತದೆ. ಕೇಂದ್ರ ತನ್ನ ಪಾಲನ್ನು ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಬಿಡುವುದಿಲ್ಲ. ಮುಂದಿನ ಕಂತು ಬರಬೇಕಾದರೆ ಹಿಂದೆ ಬಂದದ್ದರಲ್ಲಿ ಶೇ 75ರಷ್ಟು ಖರ್ಚಾಗಿರಬೇಕು, ರಾಜ್ಯ ತನ್ನ ಪಾಲನ್ನೂ ಹಾಕಿರಬೇಕು. ಬ್ಯಾಂಕುಗಳಲ್ಲಿ ಹಣ ಕೊಳೆಯುವುದನ್ನು ಈ ಕ್ರಮ ತಪ್ಪಿಸಿತು, ಅದು ಒಳ್ಳೆಯದೇ. ಆದರೆ ರಾಜ್ಯದ ಖಜಾನೆ ಬಿಗಿಯಾದ ವರ್ಷ ರಾಜ್ಯದ 40 ತಡವಾದರೆ ಕೇಂದ್ರದ 60 ಕೂಡ ಅದರ ಹಿಂದೆ ನಿಲ್ಲುತ್ತದೆ. ಜೂನ್‌ನಲ್ಲಿ ಬೇಕಾದ ಹಾಜರಿ ಪುಸ್ತಕ, ಮಳೆಗಾಲಕ್ಕೆ ಮೊದಲು ಆಗಬೇಕಾದ ಸೋರಿಕೆಯ ರಿಪೇರಿಗೆ ಮುಖ್ಯ ಶಿಕ್ಷಕರು ಸ್ವಂತ ಜೇಬಿನಿಂದ ಕೊಡುತ್ತಾರೆ, ಇಲ್ಲವೇ ಊರಿನ ಅಂಗಡಿಯಲ್ಲಿ ಸಾಲ ಹೇಳುತ್ತಾರೆ. ಮಾರ್ಚ್ ಸಮೀಪಿಸಿದಾಗ ಹಣ ಬಂದರೆ, 31ರೊಳಗೆ ಬಿಲ್ಲು ಹಾಕುವ ಧಾವಂತದಲ್ಲಿ ಬೇಕಾದದ್ದಕ್ಕಿಂತ ತಕ್ಷಣ ಸಿಕ್ಕಿದ್ದನ್ನು ಕೊಳ್ಳಬೇಕಾಗುತ್ತದೆ.

ಖಜಾನೆ ಬಿಗಿಯಾದದ್ದು ಹೇಗೆ? ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲೇ ಮಾಡಿಕೊಂಡ ರಾಜ್ಯ ನಮ್ಮದು. 2004-05ರಿಂದ ಕೋವಿಡ್ ಬರುವವರೆಗೂ ರಾಜಸ್ವ ಹೆಚ್ಚುವರಿ, ಅಂದರೆ ದಿನನಿತ್ಯದ ಖರ್ಚಿಗಿಂತ ಹೆಚ್ಚು ಆದಾಯ, ಉಳಿಸಿಕೊಂಡಿತ್ತು. ಆಮೇಲೆ ಆದಾಯ ಕುಸಿಯಿತು. 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರ ತೆರಿಗೆಯಲ್ಲಿನ ರಾಜ್ಯದ ಪಾಲು ಶೇ 4.713ರಿಂದ 3.647ಕ್ಕೆ ಇಳಿಯಿತು. 2023ರಲ್ಲಿ ಗ್ಯಾರಂಟಿ ಯೋಜನೆಗಳು ಬಂದವು, 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಪರಿಷ್ಕರಣೆ. 2024-25ರ ಬಜೆಟ್ ಅಂದಾಜಿನಲ್ಲಿ ರಾಜಸ್ವ ಕೊರತೆ 27,354 ಕೋಟಿ, 2025-26ರಲ್ಲಿ 19,262 ಕೋಟಿ. ಇವುಗಳಲ್ಲಿ ಒಂದನ್ನೇ ಹಿಡಿದು ಜಗ್ಗಾಡುವವರಿದ್ದಾರೆ. ಶಾಲೆಗೆ ಬಂದ ಸಂಕಟಕ್ಕೆ ಇವೆಲ್ಲವೂ ಸೇರಿವೆ.

ಶಾಲಾ ಶಿಕ್ಷಣದ ಹಣದಲ್ಲಿ ಸಿಂಹಪಾಲು ಸಂಬಳಕ್ಕೆ ಹೋಗುತ್ತದೆ. ಸಂಬಳ ಕಡಿತ ಮಾಡಲಾಗದು, ಮಾಡಲೂಬಾರದು. ಹಾಗಾಗಿ ಕೊರತೆಯ ವರ್ಷ ನಿಜವಾದ ಕಡಿತ ಆಗುವುದು ಖಾಲಿ ಹುದ್ದೆಗಳಲ್ಲಿ. ಇದಕ್ಕೆ ಆದೇಶ ಬೇಕಿಲ್ಲ, ಸದನದಲ್ಲಿ ಚರ್ಚೆಯೂ ಬೇಕಿಲ್ಲ. ನಿವೃತ್ತಿಯಾದವರ ಜಾಗಕ್ಕೆ ನೇಮಕಾತಿ ಒಂದು ವರ್ಷ ಮುಂದೆ ಹೋದರೆ ಸಾಕು.

ಲೆಕ್ಕ ನೋಡಿ. ವೇತನ ಪರಿಷ್ಕರಣೆಯ ನಂತರ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 27,000. ಶಿಕ್ಷಕರದ್ದು ಇದಕ್ಕಿಂತ ಹೆಚ್ಚು. ಆದರೂ ಕನಿಷ್ಠವನ್ನೇ ಹಿಡಿಯೋಣ: ಭತ್ಯೆ ಬಿಟ್ಟು ವರ್ಷಕ್ಕೆ 3.24 ಲಕ್ಷ. ಖಾಲಿ ಜಾಗಕ್ಕೆ ತಾತ್ಕಾಲಿಕವಾಗಿ ಬರುವ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ತಿಂಗಳ ಗೌರವಧನ 2025-26ರ ಹೆಚ್ಚಳದ ನಂತರ 12,000. ಹತ್ತು ತಿಂಗಳಿಗೆ 1.20 ಲಕ್ಷ. ಒಂದು ಖಾಲಿ ಹುದ್ದೆಯಿಂದ ಉಳಿಯುವುದು 2 ಲಕ್ಷಕ್ಕೂ ಹೆಚ್ಚು, ಅಂದರೆ 30 ಮಕ್ಕಳ ಶಾಲೆಯ ಅನುದಾನದ ಇಪ್ಪತ್ತು ಪಟ್ಟು. ಅನುದಾನಕ್ಕಾಗಿ ನಡೆಯುವ ಗದ್ದಲದ ಪಕ್ಕದಲ್ಲೇ ಇಷ್ಟು ದೊಡ್ಡ ಮೊತ್ತ ಸದ್ದಿಲ್ಲದೆ ಶಾಲೆಯಿಂದ ಹೊರಗೆ ಹೋಗಿರುತ್ತದೆ.

ಖಾಲಿ ಹುದ್ದೆ ಎಲ್ಲ ಕಡೆ ಸಮನಾಗಿ ಹಂಚಿಹೋಗಿದ್ದರೆ ಅದು ಬರೀ ಕೊರತೆ ಆಗುತ್ತಿತ್ತು. ಆದರೆ ಊರಿಗೆ ಬಸ್ಸಿಲ್ಲ, ಬಾಡಿಗೆ ಮನೆಯಿಲ್ಲ ಎಂಬ ಕಡೆಯಿಂದ ವರ್ಗಾವಣೆ ಕೇಳುವವರು ಹೆಚ್ಚು, ಹೋಗುವವರು ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು, ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯಲ್ಲಿ, 1ರಿಂದ 3ನೇ ತರಗತಿ ನೋಡಿಕೊಂಡರೆ ಇನ್ನೊಬ್ಬರಿಗೆ 4 ಮತ್ತು 5. ಒಂದು ಹುದ್ದೆ ಖಾಲಿಯಾದರೆ ಶಾಲೆಯ ಅರ್ಧ ಬಲ ಹೋಯಿತು. ಉಳಿದವರು ಸಭೆಗೋ ಸಮೀಕ್ಷೆಗೋ ಹೋದ ದಿನ ಪೂರ್ತಿ ಹೋಯಿತು. ಹತ್ತು ಶಿಕ್ಷಕರ ಪಟ್ಟಣದ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾದರೆ ಇಷ್ಟು ಪೆಟ್ಟು ಬೀಳುವುದಿಲ್ಲ.

ಹಿಂದುಳಿದ ಕಡೆಗೆ ಹೆಚ್ಚು ಹಣ ಕೊಡಬೇಕು ಎಂಬುದು ಈ ರಾಜ್ಯಕ್ಕೆ ಹೊಸ ವಿಚಾರವಲ್ಲ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಹಿಂದುಳಿದ 114 ತಾಲ್ಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತ್ತು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿಯೂ ಆಯಿತು. ಆದರೆ ಹೆಚ್ಚುವರಿ ಹಣ ಕೊಠಡಿಗೆ ಸಲೀಸಾಗಿ ಸಿಗುತ್ತದೆ, ಕಾಯಂ ಶಿಕ್ಷಕರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕೊಠಡಿ ಒಂದು ಸಲದ ಖರ್ಚು, ಶಿಕ್ಷಕರದ್ದು ಮೂವತ್ತು ವರ್ಷದ ಬದ್ಧತೆ. ಹಣಕಾಸು ಇಲಾಖೆಗೆ ಕೊರತೆಯ ವರ್ಷದಲ್ಲಿ ಯಾವುದು ಹಗುರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2012-13ರಿಂದ, ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆಂದು ಮೀಸಲಿಟ್ಟ ಖಾಸಗಿ ಶಾಲೆಗಳ ಶೇ 25ರ ಸೀಟುಗಳಿಗೆ, ಮಗುವಿಗೆ ಮೊದಲು 11,848ರವರೆಗೆ, ಆಮೇಲೆ 16,000ದವರೆಗೆ, ಮರುಪಾವತಿಯೂ ಇದೇ ಬೊಕ್ಕಸದಿಂದ ಹೋಯಿತು. 2019-20ರಿಂದ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆಗಷ್ಟೇ ಅದು ಸೀಮಿತವಾಯಿತು. ಹಾಗೆ ತಗ್ಗಿದ ಹೊರೆಯಷ್ಟು ಹಣ ಪಕ್ಕದ ಸರ್ಕಾರಿ ಶಾಲೆಗೆ ಬರಬೇಕು ಎಂಬ ನಿಯಮ ಮಾತ್ರ ಆಗಲಿಲ್ಲ.

ಹಣ ಕಡಿಮೆ ಇರುವ ವರ್ಷದಲ್ಲೂ ಮಾಡಬಹುದಾದವು ಇವೆ. ಹಂತಗಳ ಜಾಗದಲ್ಲಿ ಪ್ರತಿ ಶಾಲೆಗೂ ಒಂದು ಮೂಲ ಮೊತ್ತ, ಅದರ ಮೇಲೆ ಮಗುವಿಗಿಷ್ಟು ಎಂದು ಮಾಡಿದರೆ 30-31ರ ಕಂದಕ ಮುಚ್ಚುತ್ತದೆ. ಇದಕ್ಕೆ ಕೇಂದ್ರದ ಮಾರ್ಗಸೂಚಿ ಬದಲಾಗಬೇಕು, ಅದು ಬೇಗ ಆಗದು. ರಾಜ್ಯ ತನ್ನ 40ನ್ನು ಏಪ್ರಿಲ್‌ನಲ್ಲೇ ಹಾಕಲು ಯಾರ ಒಪ್ಪಿಗೆಯೂ ಬೇಡ. ನೇಮಕಾತಿ ಅರ್ಧವೇ ಸಾಧ್ಯವಾದರೆ, ಮೊದಲು ಇಬ್ಬರು ಶಿಕ್ಷಕರ ಶಾಲೆಗಳ ಖಾಲಿ ಹುದ್ದೆ ತುಂಬಿ, ಪಟ್ಟಣಗಳ ಸರದಿ ಆಮೇಲೆ ಬರಲಿ. ಬಜೆಟ್ ಪುಸ್ತಕದಲ್ಲಿ ಶಿಕ್ಷಣಕ್ಕೆ ಇಟ್ಟ ಕೋಟಿಗಳ ಪಕ್ಕದಲ್ಲೇ ತಾಲ್ಲೂಕುವಾರು ಎಷ್ಟು ಹುದ್ದೆ ಖಾಲಿ ಇಟ್ಟು ಎಷ್ಟು ಉಳಿಸಲಾಯಿತು ಎಂಬ ಒಂದು ಕಾಲಂ ಸೇರಿಸಬಹುದು. ಹುದ್ದೆವಾರು ಮಾಹಿತಿ ಇಲಾಖೆಯ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ.