ಶೇ 80 ಸಹಾಯಧನ ಎಂದರೂ ಅರ್ಧ ದುಡ್ಡು ನಮ್ಮ ಕೈಯಿಂದಲೇ ಏಕೆ?

ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಕೆಂಪು ನೆಲ. ಕೃಷಿ ಹೊಂಡಕ್ಕೆ ಸರ್ಕಾರ ಶೇ 80ರಷ್ಟು ಕೊಡುತ್ತದೆ ಎಂದು ಕೇಳಿದ್ದೇವೆ. ಹೊಂಡ ತೆಗೆಸಿದ ಪಕ್ಕದ ಹೊಲದವರು ಮಾತ್ರ ಅರ್ಧ ದುಡ್ಡು ತಮ್ಮದೇ ಹೋಯಿತು ಎನ್ನುತ್ತಾರೆ. ಯಾರ ಮಾತು ನಿಜ?

ಉತ್ತರ: ಎರಡೂ ನಿಜ. ಶೇ 80 ಎನ್ನುವುದು ನೀವು ಜೆಸಿಬಿಯವರಿಗೆ ಎಣಿಸಿಕೊಟ್ಟ ಹಣದ ಮೇಲಲ್ಲ, ಆ ಅಳತೆಯ ಹೊಂಡಕ್ಕೆ ಕೃಷಿ ಇಲಾಖೆ ಮೊದಲೇ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಘಟಕ ವೆಚ್ಚ 50,000 ರೂಪಾಯಿ ಎಂದು ಸುಮ್ಮನೆ ಇಟ್ಟುಕೊಳ್ಳಿ. ಸಹಾಯಧನ 40,000 ಆಯಿತು. ನಾಲ್ಕಡಿಗೇ ಕಲ್ಲು ಸಿಕ್ಕಿ, ಯಂತ್ರ ಗಂಟೆಗಟ್ಟಲೆ ತಿಣುಕಿ, ಬಿಲ್ಲು 80,000ಕ್ಕೆ ಏರಿದರೂ ನಿಮ್ಮ ಖಾತೆಗೆ ಬರುವುದು ಅದೇ 40,000. ನಿಮ್ಮ ಪಕ್ಕದವರಿಗೂ ಬಹುಶಃ ಹೀಗೇ ಆಗಿರಬೇಕು. ಹಾಗಾಗಿ ಅರ್ಜಿಗೆ ಮುಂಚೆಯೇ, ಹೊಂಡ ಬರಬೇಕಾದ ಜಾಗದಲ್ಲಿ ಒಂದು ಗುಂಡಿ ತೋಡಿಸಿ ಕೆಳಗೇನಿದೆ ನೋಡಿಕೊಳ್ಳಿ.

ಈ ಸಹಾಯಧನ ಸಿಗುವುದು ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ. 2014ರಲ್ಲಿ ಶುರುವಾದ ಅದು ನಡುವೆ ನಿಂತುಹೋಗಿ 2023–24ರಲ್ಲಿ ಮತ್ತೆ ಬಂತು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90. ಆದರೆ ಇದು ಬರೀ ಹೊಂಡದ ಯೋಜನೆಯಲ್ಲ. ಹೊಲದ ಬದು, ಹೊಂಡಕ್ಕೆ ಪಾಲಿಥೀನ್ ಹೊದಿಕೆ, ತಂತಿ ಬೇಲಿ, ಪಂಪ್‌ಸೆಟ್, ಹನಿ ಅಥವಾ ತುಂತುರು ನೀರಾವರಿ ಎಲ್ಲವೂ ಸೇರಿದ ಪ್ಯಾಕೇಜ್. ಜನ ಪಂಪಿನ ಬಗ್ಗೆ ವಿಚಾರಿಸುವಷ್ಟು ಬದುವಿನ ಬಗ್ಗೆ ವಿಚಾರಿಸುವುದಿಲ್ಲ. ನನ್ನನ್ನು ಕೇಳಿದರೆ ಬದುವೇ ಮುಖ್ಯ. ಅದಿಲ್ಲದಿದ್ದರೆ ಮೊದಲ ಜೋರು ಮಳೆಗೆ ಮೇಲ್ಮಣ್ಣೆಲ್ಲ ಹೊಂಡ ಸೇರುತ್ತದೆ, ನಾಲ್ಕು ವರ್ಷಕ್ಕೆ ನೀರಿನ ಜಾಗದಲ್ಲಿ ಹೂಳು ಇರುತ್ತದೆ. ನೀರು ಒಳಬರುವ ಬಾಯಿಯಲ್ಲಿ ಒಂದು ಹೂಳುಗುಂಡಿಯನ್ನೂ ಬಿಡಿ. ಎರೆ ನೆಲವಾದರೆ ಹೊದಿಕೆಯಿಲ್ಲದೆಯೂ ನೀರು ತಕ್ಕಮಟ್ಟಿಗೆ ನಿಲ್ಲುತ್ತದೆ, ನಿಮ್ಮ ಕೆಂಪು ನೆಲದಲ್ಲಿ ನಿಲ್ಲದು.

ಎಷ್ಟು ನೀರು ಸಿಗುತ್ತದೆ? 12 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ ಎಂದರೆ, ಇಳಿಜಾರು ದಡ ಕಳೆದು ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನು ಬಿಟ್ಟರೆ, ಮಳೆ ಕೈಕೊಟ್ಟಾಗ ಒಂದೆಕರೆ ಶೇಂಗಾ ಅಥವಾ ಮೆಕ್ಕೆಜೋಳಕ್ಕೆ ಎರಡು ಸಲ ಜೀವ ಹಿಡಿಸಬಹುದು. ಕಾಯಿ ಕಟ್ಟುವ ಹೊತ್ತಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಚನ್ನಗಿರಿಯ ತೋಟಗಳನ್ನು ಕಂಡು, ಇದೇ ಹೊಂಡ ನಂಬಿ ಅಡಿಕೆ ಸಸಿ ತಂದು ನೆಡಬೇಡಿ.

ಇನ್ನು ಕಾಗದಪತ್ರ. ರೈತರ ವಿವರ ದಾಖಲಿಸುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿ ಇರಬೇಕು, ಅಲ್ಲಿ ಸಿಗುವ ಎಫ್‌ಐಡಿ ಸಂಖ್ಯೆಗೆ (ರೈತರ ಗುರುತಿನ ಸಂಖ್ಯೆ) ನಿಮ್ಮ ಸರ್ವೆ ನಂಬರ್‌ಗಳೆಲ್ಲ ಸೇರಿರಬೇಕು. ಕನಿಷ್ಠ ಒಂದು ಎಕರೆ ಜಮೀನು ಬೇಕು, ನಿಮಗೆ ಅದಿದೆ. ಪಹಣಿ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಉಳಿದವರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಕಾರ್ಯಾದೇಶ ಕೈಗೆ ಬರುವ ತನಕ ಯಂತ್ರ ಇಳಿಸಬೇಡಿ. ಮೊದಲೇ ತೆಗೆದ ಹೊಂಡ ತೋರಿಸಿ ಹಣ ಕೇಳಿದರೆ ಸಿಗುವುದಿಲ್ಲ. ಕೆಲಸ ಮುಗಿದು, ಸಿಬ್ಬಂದಿ ಬಂದು ಅಳತೆ ಹಿಡಿದ ಮೇಲೆ ಹಣ ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ಖರ್ಚು ತೂಗಿಸುವವರು ನೀವೇ. ಕೈಸಾಲ ಮಾಡುವುದಿದ್ದರೆ ಆ ತಿಂಗಳುಗಳ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹನಿ ನೀರಾವರಿಗೆ ಎರಡು ಹೆಕ್ಟೇರ್‌ವರೆಗೆ ಶೇ 90, ಅದರಾಚೆ ಐದು ಹೆಕ್ಟೇರ್‌ವರೆಗೆ ಶೇ 45. ಶೇಂಗಾ, ಮೆಕ್ಕೆಜೋಳಕ್ಕಾದರೆ ಕೃಷಿ ಇಲಾಖೆ, ದಾಳಿಂಬೆ, ಅಡಿಕೆಗಾದರೆ ತೋಟಗಾರಿಕೆ ಇಲಾಖೆ.

ಬೇಲಿಗೆ ಸಿಗುವುದು ಕಡಿಮೆ, ಶೇ 40 ಅಥವಾ 50. ಹಾಗೆಂದು ಅದನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ. ಪಾಲಿಥೀನ್ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವರೂ ಹತ್ತಿ ಬರಲಾರರು. ಬೇಲಿಯಲ್ಲದೆ, ಅಲ್ಲಲ್ಲಿ ಗಂಟು ಹಾಕಿದ ದಪ್ಪ ಹಗ್ಗವೊಂದನ್ನೂ ದಡದ ಗೂಟಕ್ಕೆ ಕಟ್ಟಿ ನೀರಿನವರೆಗೂ ಇಳಿಬಿಡಿ.