ಸ್ಪೆಲ್ ಸ್ಲಾಟ್: ಮಂತ್ರಕ್ಕೂ ಒಂದು ಕಟ್ಟು

ಭಾನುವಾರ ಮಧ್ಯಾಹ್ನ ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನ ಮನೆ ಮಹಡಿ ಮೇಲೆ ನಾವು ಐದು ಜನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳದಲ್ಲೇ ಕಥೆ ಕಟ್ಟುವ ಆಟ. ಒಂದು ಚಾಪೆ, ಒಂದಿಷ್ಟು ಚುರುಮುರಿ, ಇಪ್ಪತ್ತು ಮುಖದ ದಾಳ. ಕಥೆ ನಡೆಸುವ ಡಿಎಂ ಕೆಲಸ ನನ್ನದು. ಮಂಡ್ಯದಿಂದ ಅಕ್ಕನ ಮಗ ರೈಲು ಹತ್ತಿ ಬರುತ್ತಾನೆ. ಅವನದು ವಿಝಾರ್ಡ್, ಅಂದರೆ ಮಂತ್ರವಾದಿಯ ಪಾತ್ರ. ಮೊದಲ ದಿನ ಪಾತ್ರದ ಹಾಳೆ ತಿರುವಿ ಹಾಕಿ ಕೇಳಿದ, "ಮಾಮ, ಈ ಸ್ಪೆಲ್ ಸ್ಲಾಟ್ ಅಂದ್ರೇನು? ಮಂತ್ರ ಬಂದ್ಮೇಲೆ ಎಷ್ಟ್ ಸಲ ಬೇಕಾದ್ರೂ ಹಾಕ್ಬೋದಲ್ವಾ?"

ಹಾಕುವ ಹಾಗಿಲ್ಲ. ಮಂತ್ರ ಗೊತ್ತಿರುವುದು ಬೇರೆ, ಹಾಕುವ ತ್ರಾಣ ಇರುವುದು ಬೇರೆ. ಆ ತ್ರಾಣವನ್ನು ಎಣಿಸುವ ಲೆಕ್ಕವೇ ಸ್ಪೆಲ್ ಸ್ಲಾಟ್. ಒಂದು ಮಂತ್ರ ಹಾಕಿದರೆ ಒಂದು ಸ್ಲಾಟ್ ಖಾಲಿ. ಸ್ಲಾಟ್‌ಗಳಲ್ಲೂ ಮಟ್ಟಗಳಿವೆ. 2014ರಲ್ಲಿ ಬಂದ ಐದನೇ ಆವೃತ್ತಿಯ ಪ್ರಕಾರ 5ನೇ ಲೆವೆಲ್ಲಿನ (ಲೆವೆಲ್ ಅಂದರೆ ಆಡುತ್ತಾ ಪಾತ್ರ ಏರುವ ಮೆಟ್ಟಿಲು) ವಿಝಾರ್ಡ್‌ಗೆ ಒಂದನೇ ಮಟ್ಟದ ಸ್ಲಾಟ್ 4, ಎರಡನೇ ಮಟ್ಟದ್ದು 3, ಮೂರನೇ ಮಟ್ಟದ್ದು 2. ಚಿಕ್ಕ ಮಂತ್ರವನ್ನು ದೊಡ್ಡ ಸ್ಲಾಟ್ ಕೊಟ್ಟು ಹಾಕಬಹುದು, ದೊಡ್ಡ ಮಂತ್ರಕ್ಕೆ ಚಿಕ್ಕ ಸ್ಲಾಟ್ ಸಾಲುವುದಿಲ್ಲ. ಕಥೆಯೊಳಗೆ ಪಾತ್ರ ಎಂಟು ಗಂಟೆಯ ಲಾಂಗ್ ರೆಸ್ಟ್, ಅಂದರೆ ನಿದ್ದೆ, ತೆಗೆದುಕೊಂಡರೆ ಎಲ್ಲವೂ ಮತ್ತೆ ತುಂಬಿಕೊಳ್ಳುತ್ತವೆ. ಕ್ಯಾಂಟ್ರಿಪ್ ಅನ್ನೋ ಸಣ್ಣಪುಟ್ಟ ಮಂತ್ರಗಳು ಮಾತ್ರ ಪುಕ್ಕಟೆ.

ಹುಡುಗ ತಲೆ ಕೆರೆದುಕೊಂಡ. ಮಂಡ್ಯದವನಿಗೆ ಮಂಡ್ಯದ ಮಾತಲ್ಲೇ ಹೇಳಿದೆ. ಕೆಆರ್‌ಎಸ್‌ನಲ್ಲಿ ನೀರು ಕಮ್ಮಿಯಾದ ವರ್ಷ ವಿಶ್ವೇಶ್ವರಯ್ಯ ನಾಲೆಗೆ ಹೇಗೆ ಬಿಡ್ತಾರೆ? ಇಷ್ಟು ದಿನ ಹರಿಸಿ, ಇಷ್ಟು ದಿನ ನಿಲ್ಲಿಸಿ. ನಿನ್ನ ಪಾಲಿಗೆ ಬಂದಾಗ ಕಬ್ಬಿಗೆ ಹಾಯಿಸ್ತೀಯೋ ಭತ್ತಕ್ಕೆ ಹಾಯಿಸ್ತೀಯೋ ನೀನೇ ನೋಡ್ಕೋಬೇಕು. "ಓ, ಕಟ್ಟು ನೀರು!" ಅಂದ. ಅವತ್ತಿನಿಂದ ನಮ್ಮ ಚಾಪೆ ಮೇಲೆ ಯಾರೂ ಸ್ಲಾಟ್ ಅನ್ನುವುದಿಲ್ಲ. "ಎಷ್ಟು ಕಟ್ಟು ಉಳಿದಿದೆ?" ಅಂತಲೇ ಕೇಳೋದು. ಎಣಿಕೆಗೆ ಚಿಕ್ಕ ಮಟ್ಟದವಕ್ಕೆ ಹುಣಿಸೆ ಬೀಜ, ಮೂರನೇ ಮಟ್ಟದ ಎರಡಕ್ಕೆ ಅಜ್ಜಿಯ ಚೌಕಾಬಾರದ ಕವಡೆ. ಬಾಯಿ ಮೇಲಾಗಿದ್ದರೆ ಇದೆ, ಬೋರಲು ಬಿದ್ದಿದ್ದರೆ ಖರ್ಚಾಗಿದೆ.

ಇಷ್ಟೆಲ್ಲ ಬಿಗಿ ಯಾಕೆ? ಫೈರ್‌ಬಾಲ್ ನೋಡಿ. ಅದು ಮೂರನೇ ಮಟ್ಟದ ಮಂತ್ರ. ಬಿದ್ದ ಜಾಗದ ಸುತ್ತ 20 ಅಡಿಯೊಳಗೆ ಯಾರಿದ್ದರೂ ಅವರಿಗೆ ಆರು ಮುಖದ ಎಂಟು ದಾಳದಷ್ಟು ಏಟು. ಸರಾಸರಿ 28. ಪಕ್ಕಕ್ಕೆ ಜಿಗಿದು ತಪ್ಪಿಸಿಕೊಂಡವನಿಗೂ ಅರ್ಧ ತಗಲುತ್ತದೆ. ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸನ ಜೀವ ಬರೀ 7. ಅಂದರೆ ಎಂಟು ಗಾಬ್ಲಿನ್ ಗುಂಪಾಗಿ ನಿಂತಿದ್ದರೆ ಒಂದೇ ಮಂತ್ರಕ್ಕೆ ಎಂಟೂ ಬೂದಿ. ಅದೇ ಲೆವೆಲ್ಲಿನ ಫೈಟರ್ ಎರಡು ಸಲ ಕತ್ತಿ ಬೀಸಿ, ಎರಡೂ ತಗುಲಿದರೆ, ಹೆಚ್ಚೆಂದರೆ ಎರಡು ಗಾಬ್ಲಿನ್ ಉರುಳಿಸುತ್ತಾನೆ. ಕಟ್ಟು ಇಲ್ಲದಿದ್ದರೆ ಕತ್ತಿ ಹಿಡಿದವನು ಸುಮ್ನೆ ಚುರುಮುರಿ ತಿನ್ನುತ್ತಾ ಕೂರಬೇಕಾಗುತ್ತದೆ. ಕತ್ತಿ ಎಷ್ಟು ಸಲ ಬೀಸಿದರೂ ಸವೆಯುವುದಿಲ್ಲ, ಮಂತ್ರ ಸವೆಯುತ್ತದೆ. ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಲು ಆಟ ಹುಡುಕಿಕೊಂಡ ದಾರಿ ಇದು.

ದಾರಿ ಹಳೆಯದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ 1974ರಲ್ಲಿ ಈ ಆಟ ಹೊರತಂದಾಗಲೇ ಮಂತ್ರಕ್ಕೆ ಎಣಿಕೆ ಇತ್ತು. ಮೂಲ ಜಾಕ್ ವ್ಯಾನ್ಸ್ ಅನ್ನುವ ಅಮೆರಿಕದ ಲೇಖಕನ 1950ರ ಕಥೆಗಳು. ಅಲ್ಲಿನ ಮಾಂತ್ರಿಕನ ತಲೆಯಲ್ಲಿ ಒಂದು ಸಲಕ್ಕೆ ಕೆಲವೇ ಮಂತ್ರ ಹಿಡಿಸುತ್ತವೆ, ಬಾಯಿಂದ ಹೊರಟ ಮಂತ್ರ ಅಳಿಸಿಹೋಗುತ್ತದೆ. ಅದಕ್ಕೇ ಈ ಪದ್ಧತಿಗೆ ವ್ಯಾನ್ಸಿಯನ್ ಅಂತ ಹೆಸರು.

ನಮಗೆ ಇದು ಹೊಸದೇನಲ್ಲ ಬಿಡಿ. ಕವಚ ಕುಂಡಲ ಕಿತ್ತುಕೊಟ್ಟು ಕರ್ಣ ಇಂದ್ರನಿಂದ ಪಡೆದ ಶಕ್ತಿ ಆಯುಧ ಒಂದೇ ಸಲ ಬಳಸುವಂಥದ್ದು. ಒಂದೇ ಒಂದು ಸ್ಲಾಟ್, ಲಾಂಗ್ ರೆಸ್ಟ್ ಇಲ್ಲ. ಅರ್ಜುನನಿಗೆ ಅಂತ ಎತ್ತಿಟ್ಟಿದ್ದ. ರಾತ್ರಿ ಯುದ್ಧದಲ್ಲಿ ಘಟೋತ್ಕಚ ಕೌರವ ಸೇನೆಯನ್ನು ತುಳಿದು ಹಾಕುತ್ತಿದ್ದಾಗ ಬೇರೆ ದಾರಿ ಕಾಣದೆ ಅವನ ಮೇಲೆ ಎಸೆದ. ಭೀಮನ ಮಗ ಸತ್ತ, ಪಾಂಡವರು ಅತ್ತರು, ಕೃಷ್ಣ ಕುಣಿದ. ಆಯುಧದ ಬಲ ಅಲ್ಲಿ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಿರಲಿಲ್ಲ. ಅರ್ಜುನ ಎದುರು ಬರುವ ಹೊತ್ತಿಗೆ ಕರ್ಣನ ಕವಡೆ ಬೋರಲು ಬಿದ್ದಿತ್ತು, ಅಷ್ಟೆ.

ಕರ್ಣನಿಗೆ ಇಲ್ಲದ ಆ ಲಾಂಗ್ ರೆಸ್ಟ್ ಇದೆಯಲ್ಲ, ಸ್ಲಾಟ್ ಬಗ್ಗೆ ಜಾಸ್ತಿ ಜನ ಎಡವುವುದು ಅಲ್ಲೇ. ನಾನೂ ಎಡವಿದೆ. ಆಟ ಶುರುವಾದ ಮೂರನೇ ವಾರ. ಗುಹೆಯ ಬಾಗಿಲಲ್ಲೇ ಅಳಿಯ ಎರಡು ಫೈರ್‌ಬಾಲ್ ಹಾಕಿದ. ಎಲ್ಲ ಸುಟ್ಟು ಕರಕಲು. ಆಮೇಲೆ ಹಾಳೆ ಮಡಚಿ, "ಮನೀಕೊಂಡ್ಬುಡನ ಮಾಮ. ಎದ್ದೇಟ್ಗೆ ಎಲ್ಲಾ ವಾಪಸ್ ಬತ್ತದೆ ಅಲ್ವಾ?" ಅಂದ. ನಾನು ಹೂಂ ಅಂದೆ. ಮುಂದಿನ ಬಾಗಿಲಲ್ಲೂ ಎರಡು ಫೈರ್‌ಬಾಲ್, ಮತ್ತೆ ನಿದ್ದೆ. ಫೈಟರ್ ಆಡುತ್ತಿದ್ದ ಗೆಳೆಯ ಎದ್ದುಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದ. ಅವನಿಗೆ ಬೇರೆ ಕೆಲಸ ಇರಲಿಲ್ಲ.

ಸ್ಲಾಟ್ ಎಷ್ಟಿದೆ ಅನ್ನುವುದರಷ್ಟೇ ಮುಖ್ಯ ಎರಡು ನಿದ್ದೆಗಳ ನಡುವೆ ಎಷ್ಟು ಕಾದಾಟ ಅನ್ನುವುದು. ಡಿಎಂಗಳಿಗೆ ಇರುವ 2014ರ ಕೈಪಿಡಿಯಲ್ಲಿ ಒಂದು ದಿನಕ್ಕೆ ಸಾಧಾರಣ ಅಥವಾ ಕಷ್ಟದ ಕಾದಾಟ 6ರಿಂದ 8 ಅಂತ ಅಂದಾಜು ಹಾಕಿದ್ದಾರೆ. ಒಂಬತ್ತು ಸ್ಲಾಟನ್ನು ಅಷ್ಟಕ್ಕೆ ಹಂಚಿದರೆ ಒಂದೊಂದಕ್ಕೆ ಒಂದೋ ಎರಡೋ ಬರುತ್ತದೆ. ನಾನು ಒಂದೇ ಕಾದಾಟಕ್ಕೆ ಇಡೀ ದಿನದ ನೀರು ಬಿಟ್ಟಿದ್ದೆ. ಲಾಂಗ್ ರೆಸ್ಟಿನ ಲಾಭ 24 ಗಂಟೆಗೆ ಒಂದೇ ಸಲ ಅಂತಲೂ ಆ 2014ರ ನಿಯಮದಲ್ಲಿದೆ, ಅದನ್ನು ಮರೆತೇಬಿಟ್ಟಿದ್ದೆ.

ಮಂತ್ರ ಹಾಕುವ ಪಾತ್ರಗಳಿಗೆ ಮೂಗುದಾರ ಇನ್ನೂ ಇವೆ. ಕಾನ್ಸಂಟ್ರೇಶನ್ ಬೇಕಾದ, ಅಂದರೆ ಮನಸ್ಸು ಅದರ ಮೇಲೇ ಹಿಡಿದಿಟ್ಟಿರಬೇಕಾದ ಮಂತ್ರ ಒಂದು ಸಲಕ್ಕೆ ಒಂದೇ. ಏಟು ಬಿದ್ದರೆ ದಾಳ ಹಾಕಿ 10 ಅಥವಾ ಏಟಿನ ಅರ್ಧ, ಯಾವುದು ದೊಡ್ಡದೋ ಅಷ್ಟು ಮುಟ್ಟಬೇಕು, ಇಲ್ಲದಿದ್ದರೆ ಮಂತ್ರ ಕಡಿದುಹೋಗುತ್ತದೆ. ಸತ್ತವನನ್ನು ಒಂದು ನಿಮಿಷದೊಳಗೆ ಎಬ್ಬಿಸುವ ರಿವಿವಿಫೈಗೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಅದು ಅಲ್ಲೇ ಮುಗಿದುಹೋಗುತ್ತದೆ. ಬೇರೆ ಆಟಗಳ ಲೆಕ್ಕ ಬೇರೆ. ಗರ್ಪ್ಸ್‌ನಲ್ಲಿ ಮಂತ್ರ ಹಾಕಿದವನು ದಣಿಯುತ್ತಾನೆ, ಡಂಜನ್ ಕ್ರಾಲ್ ಕ್ಲಾಸಿಕ್ಸ್‌ನಲ್ಲಿ ಪ್ರತಿ ಮಂತ್ರಕ್ಕೂ ದಾಳ ಹಾಕಬೇಕು, ತೀರಾ ಕೆಟ್ಟದು ಬಿದ್ದರೆ ಮಂತ್ರ ಹಾಕಿದವನ ಮೈಯೇ ವಿಕಾರವಾಗಬಹುದು. ನನಗೆ ಸ್ಲಾಟೇ ಇಷ್ಟ. ಚಾಪೆ ಮೇಲೆ ಕಣ್ಣಿಗೆ ಕಾಣುತ್ತದಲ್ಲ!

ನಾಲ್ಕನೇ ವಾರ ನಾನು ನಿಯಮ ಏನೂ ಬದಲಿಸಲಿಲ್ಲ. ಗುಹೆಯೊಳಗೆ ಒಬ್ಬ ಒತ್ತೆಯಾಳನ್ನು ಇಟ್ಟೆ, ಸೂರ್ಯ ಮುಳುಗಿದರೆ ಅವನನ್ನು ಬಲಿ ಕೊಡುತ್ತಾರೆ ಅಂದೆ. "ಮನೀಕೊಂಡ್ಬುಡನ" ಅನ್ನೋ ಮಾತೇ ಬರಲಿಲ್ಲ. ಮೊದಲ ಬಾಗಿಲಲ್ಲಿ ಅಳಿಯ ಬರೀ ಕ್ಯಾಂಟ್ರಿಪ್ ಹಾಕಿದ, ಫೈಟರ್ ಮುಂದೆ ನಿಂತು ಕತ್ತಿ ಬೀಸಿದ. ಎರಡನೇ ಬಾಗಿಲಲ್ಲಿ ಒಂದು ಕವಡೆ ಬೋರಲಾಯಿತು. ಇನ್ನೊಂದನ್ನು ಹುಡುಗ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತ. ಮೂರು ಸಲ ಚಾಪೆ ಮೇಲೆ ಇಟ್ಟ, ಮೂರು ಸಲ ವಾಪಸ್ ಎತ್ತಿಕೊಂಡ. ಅಷ್ಟರಲ್ಲಿ ಅವನ ರೈಲಿನ ಹೊತ್ತಾಯಿತು, ಆಟ ನಿಲ್ಲಿಸಿದೆವು. ಬುಧವಾರ ಫೋನ್ ಮಾಡಿದ. "ಮಾಮ, ಕವಡೆ ನನ್ ಜೇಬಲ್ಲೇ ಬಂದ್ಬುಟ್ಟದೆ. ಅದು ಇನ್ನೂ ಖರ್ಚಾಗಿಲ್ಲ, ಬರ್ಕೊಂಡಿರು."